ಸೊನ್ನೆಯ ತುದಿ

ಟೇಪಿನ ಒಂದು ತುದಿ ಎಂಜಿನಿಯರ ಕೈಯಲ್ಲಿ,
ಸೊನ್ನೆ ಬರೆದ ತುದಿ ನನ್ನ ಕೈಯಲ್ಲಿ.
ಬೀದಿಯ ನಟ್ಟನಡುವೆ ಹೊಡೆದ ಮೊಳೆಗೆ ಅದನ್ನೊತ್ತಿ
ಕುಕ್ಕರಗಾಲಲ್ಲಿ ಕೂರುವುದು ನನ್ನ ನೌಕರಿ.
ಆಟೋ, ಎಮ್ಮೆ, ಮಂಡಕ್ಕಿ ಚೀಲದ ತಳ್ಳುಗಾಡಿ
ನನ್ನ ಬಳಸಿ ಹಾಯುತ್ತವೆ.
ಟೇಪು ಚರಂಡಿ ದಾಟುತ್ತದೆ, ಕಟ್ಟೆ ಹತ್ತುತ್ತದೆ,
ಹೊಸ್ತಿಲು ತುಳಿಯದೆ ಒಳಹೋಗಿ
ಗಾದಿಯ ಮೇಲೆ ಕೂತವರ ಮೊಣಕಾಲು ಮುಟ್ಟುತ್ತದೆ.
"ಇಲ್ಲಿಗೆ" ಅನ್ನುತ್ತಾರೆ ಸಾಹೇಬರು.
ನಾನೆದ್ದು, ಡಬ್ಬಿಗೆ ಬ್ರಷ್ಷು ಅದ್ದಿ,
ಕೆಂಪು ಗೀಟು ಎಳೆಯುತ್ತೇನೆ.

ಹಳೇ ದಾವಣಗೆರೆಯಲ್ಲೇ ಹುಟ್ಟಿದವನು,
ಈ ಪೇಟೆಯಲ್ಲಿ ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.
ಕಣ್ಣಿನ ಎತ್ತರಕ್ಕೆಲ್ಲ ಫ್ಲೆಕ್ಸು, ಬಳೆ, ಮೊಬೈಲು ಕವರು.
ಅಳೆಯುವವನು ಮೇಲೆ ನೋಡಲೇಬೇಕಾಗುತ್ತದೆ:
ಕರೆಂಟು ವೈರಿನ ಸಿಕ್ಕಿನಾಚೆ
ಗಾರೆಯ ಗಿಳಿ ಎರಡು, ನಡುವೆ ೧೯೩೪.
ಒಂದರ ಕೊಕ್ಕು ಉದುರಿದ ಬಿರುಕಲ್ಲಿ ಅರಳಿಯ ಸಸಿ.
ಎದುರು ಮಹಡಿಗೆ ಸಿಂಹ.
ಕಟ್ಟಿದ ಗೌಂಡಿ ಸಿಂಹ ಕಂಡವನಲ್ಲ,
ಯಾರೋ ಸಾವುಕಾರನ ಮುಖವಿಟ್ಟು ಮೀಸೆ ತಿರುವಿದ್ದಾನೆ.

ಗಿಳಿಮನೆಯ ಪಕ್ಕಕ್ಕೆ
ಷಡಕ್ಷರಪ್ಪನವರ ಹತ್ತಿಬೀಜದ ಅಂಗಡಿ,
ಒಂಬತ್ತು ಹಲಗೆಯ ಬಾಗಿಲು,
ಒಂದೊಂದಕ್ಕೂ ಅವರ ಅಜ್ಜ ಬರೆದ ಅಂಕಿ.
ಆರನೆಯದು ಯಾವ ಕಾಲದಲ್ಲೋ ಹೋಯಿತು;
ಚಹಾದ ಪೆಟ್ಟಿಗೆ ಒಡೆದು ಬೇರೆ ಹಲಗೆ ಸೇರಿಸಿದರು,
ಅಂಕಿ ಬರೆಯಲಿಲ್ಲ.
ದಿನಾ ಬೆಳಿಗ್ಗೆ ತೆಗೆಯುವಾಗ ಎಣಿಸುತ್ತಾರೆ:
ನಾಕು, ಐದು, ಅದು, ಏಳು.

"ಎಷ್ಟು ಹೋಕ್ಕತಪಾ?"
"ಹನ್ನೊಂದೂವರೆ ಅಡಿ, ಅಜ್ಜಾರ."
"ಇರೋದಾ ಹದಿನಾಕು."
ಆಮೇಲೆ ಹುಡುಗನನ್ನು ಕಳಿಸಿ ನಮಗೆ
ಖಾರ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು.
ತಿಂದೆವು. ಕೈಯ ಎಣ್ಣೆ ಒರೆಸಿಕೊಂಡು ಗೀಟು ಎಳೆದೆ.

ಎಲ್ಲರೂ ಅಳಲಿಲ್ಲ, ಅದನ್ನೂ ಹೇಳಬೇಕು.
ಮೂಲೆಮನೆಯ ಖೈರುನ್ನೀಸಾ ಬೀದಿಗೆ ಬಂದು
"ನಮ್ದು ಮೊದ್ಲು ಒಡೀರಿ" ಅಂದಳು.
"ಹೋದ ವರ್ಷ ಸೊಸೆಗೆ ನೋವು ಬಂದಾಗ
ಆಂಬುಲೆನ್ಸು ಆ ತಿರುವಲ್ಲೇ ನಿಂತಿತ್ತು ಮುಕ್ಕಾಲು ಗಂಟೆ.
ಗಿಳಿ ಇಟ್ಕೊಂಡು ಏನು ಮಾಡ್ಲಿ?"
ಡಬ್ಬಿ ಹಿಡಿದು ನಿಂತೆ. ಉತ್ತರ ನನ್ನ ಕೆಲಸವಲ್ಲ.

ಒಂದು ಮುಂಜಾನೆ ಹೋದಾಗ
ಮೊಳೆ ಇದ್ದಲ್ಲಿ ಇರಲಿಲ್ಲ.
ಮೂರಡಿ ಪೂರ್ವಕ್ಕೆ, ಗಿಳಿಯ ಕಡೆಗೆ, ಹೊಸದೊಂದು ಹೊಳೆಯುತ್ತಿತ್ತು.
ಹಳೆಯ ತೂತಿಗೆ ಮೆತ್ತಿದ ಡಾಂಬರು ಇನ್ನೂ ಮೆದು.
ಸಾಹೇಬರು ನನ್ನ ಮುಖ ನೋಡದೆ ಟೇಪು ಬಿಚ್ಚಿದರು.
"ಹಿಡಿ" ಅಂದರು.
ಹಿಡಿದೆ.
ಬೀದಿಯ ನಡು ಯಾವುದೆಂದು
ಸೊನ್ನೆ ಹಿಡಿದವನನ್ನು ಯಾರೂ ಕೇಳುವುದಿಲ್ಲ.

ಷಡಕ್ಷರಪ್ಪನವರಲ್ಲಿ ಈ ಸಲ ಹದಿನಾಲ್ಕೂವರೆ.
ಗೀಟು ಎಳೆಯಲು ಗೋಡೆಯೇ ಉಳಿದಿರಲಿಲ್ಲ.
ಅವರು ಗಾದಿಯ ಮೇಲೆ ಕೂತೇ ನಕ್ಕರು:
"ಹಂಗಾರ ಇನ್ನರ್ಧ ಅಡಿ
ನಾನಾ ನಿಮಗ ಬಾಕಿ."

ಜೆಸಿಬಿ ಬಂದದ್ದು ಶುಕ್ರವಾರ.
ಗಿಳಿಗಳು ಮಣ್ಣಾಗಿ, ಮಹಡಿಯ ಕೋಣೆಯೊಂದು ಅರ್ಧಕ್ಕೆ ಸೀಳಿ
ಬೀದಿಗೆ ತೆರೆದುಕೊಂಡಿತು:
ನೀಲಿಯ ಅಡಿ ಹಸಿರು, ಹಸಿರಿನ ಅಡಿ ಸುಣ್ಣ,
ದೀಪದ ಮಸಿ ಹಿಡಿದ ಗೂಡು,
ಗೋಡೆಯ ಮೇಲೆ ಸೀಸದಕಡ್ಡಿಯ ಲೆಕ್ಕ
ಹಾಲು, ಹಾಲು, ಇಲ್ಲ, ಹಾಲು.
ತೂಗುಬಿದ್ದ ಕನ್ನಡಿಯೊಂದು ಗಾಳಿಗೆ ಓಲಾಡಿ
ಎದುರು ಸಿಂಹದ ಮೀಸೆಗೆ ಬಿಸಿಲು ಬಡಿಯುತ್ತಿತ್ತು.
ಆ ಸಿಂಹ ಇನ್ನೂ ಇದೆ.

ಬೀದಿ ಈಗ ಅಗಲ. ಅಗಲವಾದಲ್ಲೆಲ್ಲ ಬೈಕು.
ಆ ತಿರುವಿನಲ್ಲಿ ಆಂಬುಲೆನ್ಸು ಒಂದೆರಡು ಸಲ ಸಲೀಸಾಗಿ ಹೋಯಿತು,
ಒಂದೆರಡು ಸಲ ಕೂಗುತ್ತ ನಿಂತಿತು.
ಷಡಕ್ಷರಪ್ಪನವರು ಎಂಟು ಹಲಗೆ ಬಡಗಿಗೆ ಮಾರಿದರು,
ಹಳೇ ತೇಗ, ಒಳ್ಳೆ ರೇಟು.
ಅಂಕಿಯಿಲ್ಲದ್ದನ್ನು ಅವನು ಬೇಡವೆಂದ.
"ನೀನು ಒಯ್ಯಿ ತಮಾ, ಕುಂದ್ರಾಕ ಆಕ್ಕತಿ."

ಮುಂದಿನ ಬೀದಿಯಲ್ಲಿ
ಅದರ ಮೇಲೆ ಕೂತು ಸೊನ್ನೆ ಹಿಡಿದಿದ್ದೇನೆ.